ಮೂರು ವಾರಕ್ಕೇ ಕೈಬಿಡಬೇಡಿ
ಮೂರು ವಾರದಿಂದ ಬೆಳಗ್ಗೆ ಎದ್ದ ಕೂಡಲೇ ನಿಂತು ಪಾದ ಮುಟ್ಟಲು ಬಗ್ಗುತ್ತಿದ್ದರೂ ಕೈ ಮೊಣಕಾಲಿನಿಂದ ಕೆಳಗೆ ಇಳಿಯುತ್ತಿಲ್ಲ, ನನ್ನ ಮೈಯೇ ಹೀಗಾ ಅಂತ ಕೇಳಿದ್ದೀರಿ. ಮೂರು ವಾರ ತೀರಾ ಕಡಿಮೆ, ದಯವಿಟ್ಟು ಬಿಡಬೇಡಿ. ಆದರೆ ಎದ್ದ ಕೂಡಲೇ ಬೇಡ. ಮೊದಲು ಐದು ನಿಮಿಷ ನಡೆದು ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ ಮಂಡಿ ಸ್ವಲ್ಪ ಮಡಚಿ, ಬೆನ್ನು ಗೂನು ಮಾಡದೆ, ಸೊಂಟದ ಕೀಲಿನಿಂದ ಬಾಗಿ. ಎಳೆತ ತೊಡೆಯ ಹಿಂಭಾಗದಲ್ಲಿ ಗೊತ್ತಾಗಬೇಕು, ಬೆನ್ನಲ್ಲಲ್ಲ. ಉಸಿರು ಬಿಗಿಹಿಡಿಯದೆ 30 ಸೆಕೆಂಡ್ ಹಾಗೇ ಇರಿ. ಮೂರು ಸಲ ಸಾಕು. ಜಗ್ಗಿ ಜಗ್ಗಿ ಕುಲುಕಿದರೆ ಸ್ನಾಯು ತನ್ನನ್ನು ಕಾಪಾಡಿಕೊಳ್ಳಲು ಇನ್ನಷ್ಟು ಬಿಗಿಯಾಗುತ್ತದೆ. ನನಗೆ ಪಾದ ಮುಟ್ಟಲು ನಾಲ್ಕು ತಿಂಗಳು ಹಿಡಿಯಿತು. (ಕಾಲು ಉದ್ದ, ಕೈ ಗಿಡ್ಡ ಇದ್ದವರಿಗೆ ಇನ್ನೂ ಕಷ್ಟ.) ನೋವು ಚುಳ್ ಅಂತ ಕಾಲಿಗೆ ಇಳಿದರೆ, ಜೋಮು ಹಿಡಿದರೆ ಮಾತ್ರ ನಿಲ್ಲಿಸಿ ವೈದ್ಯರಿಗೆ ತೋರಿಸಿ.