ಕತ್ರಿನಾದ ಹೊಣೆ ಹಂಚುವ ಮೊದಲು, ಲೆಕ್ಕ ಯಾವ ದಿನದಿಂದ ಶುರು ಅಂತ ನೋಡಿ

ಅಮೆರಿಕದ ಅಧ್ಯಕ್ಷ ಬುಷ್, ಲೂಸಿಯಾನಾ ರಾಜ್ಯ ಸರ್ಕಾರದ ಮುಖ್ಯಸ್ಥೆ ಗವರ್ನರ್ ಬ್ಲಾಂಕೊ, ನ್ಯೂ ಆರ್ಲಿಯನ್ಸ್ ನಗರದ ಮೇಯರ್ ನೇಗಿನ್, ಈ ಮೂವರ ನಡುವೆ 2005ರ ಕತ್ರಿನಾ ಚಂಡಮಾರುತವನ್ನು ಎದುರಿಸುವಲ್ಲಿ ಆದ ವೈಫಲ್ಯವನ್ನು ಶೇಕಡಾವಾರು ಹಂಚುವುದು ಹೇಗೆ ಅಂತ ಕೇಳಿದ್ದೀರಿ. ಎಂ.ಎ. ಪ್ರಬಂಧಕ್ಕೆ ಬೇಕು ಅಂದಿದ್ದೀರಿ. ಇದೇ ಪ್ರಶ್ನೆಯನ್ನು, ಹೆಚ್ಚುಕಮ್ಮಿ ಇದೇ ಮಾತುಗಳಲ್ಲಿ ಹಿಡಿದುಕೊಂಡು ಹೋಗಿ ನಾನು ಒಂದಿಡೀ ಸೆಮಿಸ್ಟರ್ ಕಳೆದುಕೊಂಡೆ. ಜೊತೆಗೆ ಸ್ಕಾಲರ್‌ಶಿಪ್ಪೂ ಹೋಯಿತು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

2005ರಲ್ಲಿ ನಾನು ಲೂಸಿಯಾನಾದ ರಾಜಧಾನಿ ಬ್ಯಾಟನ್ ರೂಜ್‌ನಲ್ಲಿ ಸಾರ್ವಜನಿಕ ಆಡಳಿತ ಓದುತ್ತಿದ್ದೆ. ನ್ಯೂ ಆರ್ಲಿಯನ್ಸ್ ಅಲ್ಲಿಂದ ಸುಮಾರು 130 ಕಿಲೋಮೀಟರ್. ನಮ್ಮೂರಿಗೆ ಬಂದದ್ದು ಗಾಳಿ, ಮಳೆ, ಕರೆಂಟ್ ಹೋಗಿದ್ದು, ಅಷ್ಟೇ. ಆಮೇಲೆ ಜನ ಬರತೊಡಗಿದರು. ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿಯ ಬಾಸ್ಕೆಟ್‌ಬಾಲ್ ಕ್ರೀಡಾಂಗಣ ರಾತ್ರೋರಾತ್ರಿ ಆಸ್ಪತ್ರೆಯಾಯಿತು. ಹೆಲಿಕಾಪ್ಟರುಗಳು ಮೈದಾನದಲ್ಲಿ ಇಳಿಯುತ್ತಿದ್ದವು. ನಾನು ಸ್ವಯಂಸೇವಕನಾಗಿ ಹೆಸರು ಬರೆದುಕೊಳ್ಳುವ ಮೇಜಿನಲ್ಲಿ ಕೂತಿದ್ದೆ. ಡಯಾಲಿಸಿಸ್ ತಪ್ಪಿಹೋದವರು, ಇನ್ಸುಲಿನ್ ಇಲ್ಲದವರು, ಗಾಲಿಕುರ್ಚಿಯಲ್ಲಿ ಒಬ್ಬರೇ ಬಂದಿಳಿದ ಮುದುಕಿಯರು. ಲೂಸಿಯಾನಾದಲ್ಲಿ ಸತ್ತವರಲ್ಲಿ ಸುಮಾರು ಅರ್ಧದಷ್ಟು ಮಂದಿ 75 ದಾಟಿದವರು ಎಂದು ಆಮೇಲೆ ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಆ ಮೇಜಿನ ಎದುರು ನಿಂತವರೆಲ್ಲ ಬೇರೆ ಬೇರೆ ರೀತಿಯಲ್ಲಿ ಕೇಳುತ್ತಿದ್ದದ್ದು ಒಂದೇ: ಇಷ್ಟು ದಿನ ಯಾರೂ ಯಾಕೆ ಬರಲಿಲ್ಲ?

ಆ ಸಿಟ್ಟಿನಲ್ಲೇ ಪ್ರಬಂಧದ ವಿಷಯ ಆರಿಸಿಕೊಂಡೆ. ಸಿಟ್ಟು ಇದ್ದದ್ದು ತಪ್ಪಲ್ಲ, ಇವತ್ತಿಗೂ ಇದೆ. ಎಡವಿದ್ದು ಬೇರೆ ಕಡೆ. ಅದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಒಳಗೂ ಅದೇ ಕೂತಿದೆ.

ನಾನು ಒಂದು ದೊಡ್ಡ ಕಾಲಸೂಚಿ ಮಾಡಿದೆ. ಎಡಗಡೆ ದಿನಾಂಕ, ಗಂಟೆ. ಪಕ್ಕದಲ್ಲಿ ಮೂರು ಕಂಬಸಾಲು: ನಗರ, ರಾಜ್ಯ, ಕೇಂದ್ರ. ಮೊದಲ ಸಾಲು 2005ರ ಆಗಸ್ಟ್ 29, ಬೆಳಿಗ್ಗೆ 6 ಗಂಟೆ 10 ನಿಮಿಷ, ಅಂದರೆ ಬ್ಯೂರಾಸ್ ಹತ್ತಿರ ಚಂಡಮಾರುತ ಲೂಸಿಯಾನಾದ ನೆಲ ಮುಟ್ಟಿದ ಹೊತ್ತು. ಅಲ್ಲಿಂದ ಗಂಟೆ ಗಂಟೆಗೆ ಯಾರು ಏನು ಮಾಡಿದರು, ಯಾರು ಏನು ಹೇಳಿದರು ಅಂತ ತುಂಬಿಸುತ್ತ ಹೋದೆ. ನೋಡುವುದಕ್ಕೆ ಬಹಳ ಶಿಸ್ತಿನ ಕೆಲಸ. ಆದರೆ ಆ ಮೊದಲ ಸಾಲು ಬರೆದ ಕ್ಷಣದಲ್ಲೇ ನಾನು ತೀರ್ಪನ್ನೂ ಬರೆದುಬಿಟ್ಟಿದ್ದೆ. ಹೇಗೆಂದರೆ, ಅಂಥ ಪಟ್ಟಿಯಲ್ಲಿ ನಡೆದ ಘಟನೆಗಳಿಗೆ ಮಾತ್ರ ಜಾಗ. ಮಾಡದೇ ಬಿಟ್ಟ ಕೆಲಸಕ್ಕೆ ಸಾಲೇ ಇರುವುದಿಲ್ಲ. ಯಾವ ಅಧಿಕಾರಿ ಆ ವಾರ ಕ್ಯಾಮೆರಾ ಮುಂದೆ ಹೆಚ್ಚು ಮಾತಾಡಿದನೋ ಅವನ ಸಾಲು ತುಂಬಿ ತುಳುಕುತ್ತದೆ, ಅವನೇ ದೊಡ್ಡ ಅಪರಾಧಿಯಾಗಿ ಕಾಣುತ್ತಾನೆ. ಯಾರು ಒಂದು ವರ್ಷದ ಹಿಂದೆ ಒಂದು ಒಪ್ಪಂದಕ್ಕೆ ಸಹಿ ಹಾಕದೆ ಬಿಟ್ಟರೋ, ಯಾರು ಇಪ್ಪತ್ತು ವರ್ಷದ ಹಿಂದೆ ಒಂದು ಪ್ರವಾಹ ತಡೆಗೋಡೆಯ ವಿನ್ಯಾಸದಲ್ಲಿ ಮಣ್ಣಿನ ಬಲವನ್ನು ತಪ್ಪಾಗಿ ಅಂದಾಜು ಮಾಡಿದರೋ ಅವರು ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದ ಮುಖ್ಯಸ್ಥ ಮೈಕೆಲ್ ಬ್ರೌನ್ ನನ್ನ ಪಟ್ಟಿಯ ಪ್ರತಿ ಪುಟದಲ್ಲೂ ಇದ್ದ. ನಗರಕ್ಕೆ ನೀರು ನುಗ್ಗದಂತೆ ತಡೆಯಬೇಕಿದ್ದ ಒಡ್ಡು ಕಟ್ಟಿದವರು ಒಂದು ಸಾಲಿನಲ್ಲೂ ಇರಲಿಲ್ಲ. ಮಾರ್ಗದರ್ಶಕರು ಕರಡನ್ನು ತಿರುವಿಹಾಕಿ, "ಇದು 29ಕ್ಕೇ ಯಾಕೆ ಶುರುವಾಗುತ್ತದೆ?" ಅಂತ ಒಂದೇ ಪ್ರಶ್ನೆ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಟಿ.ವಿ. ಅಲ್ಲಿಂದ ಶುರುಮಾಡಿತ್ತು, ನಾನೂ ಅಲ್ಲಿಂದಲೇ ಶುರುಮಾಡಿದ್ದೆ.

ಒಂದೇ ಒಂದು ದಿನ ಹಿಂದಕ್ಕೆ ಹೋಗಿ ನೋಡಿ, ಚಿತ್ರ ಎಷ್ಟು ಬದಲಾಗುತ್ತದೆ. ಮುನ್ಸೂಚನೆ ಸೋತಿರಲಿಲ್ಲ. ರಾಷ್ಟ್ರೀಯ ಚಂಡಮಾರುತ ಕೇಂದ್ರದ ಮ್ಯಾಕ್ಸ್ ಮೇಫೀಲ್ಡ್ 27ರ ಶನಿವಾರ ರಾತ್ರಿ ಸ್ವತಃ ಫೋನ್ ಮಾಡಿ ಗವರ್ನರ್ ಮತ್ತು ಮೇಯರ್ ಇಬ್ಬರಿಗೂ ಎಚ್ಚರಿಸಿದ್ದರು. ನೇಗಿನ್ ಕಡ್ಡಾಯ ತೆರವಿನ ಆದೇಶ ಕೊಟ್ಟದ್ದು ಭಾನುವಾರ ಬೆಳಿಗ್ಗೆ, ಚಂಡಮಾರುತಕ್ಕೆ ಒಂದು ಹಗಲು ಒಂದು ರಾತ್ರಿಯೂ ಉಳಿದಿರಲಿಲ್ಲ. ಕಾರು ಇದ್ದವರು ಹೊರಟರು. ಹೆದ್ದಾರಿಯ ಎರಡೂ ಬದಿಯನ್ನು ಹೊರಹೋಗುವ ದಿಕ್ಕಿಗೇ ತಿರುಗಿಸಿದ ರಾಜ್ಯದ ವ್ಯವಸ್ಥೆ ಚೆನ್ನಾಗಿಯೇ ನಡೆಯಿತು, ಆ ಭಾಗದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಪಾರಾದರು. ಕಾರಿಲ್ಲದವರು ಲಕ್ಷದ ಆಸುಪಾಸು ಇದ್ದರು. ಅವರಿಗಾಗಿ ನಗರದ ಬಸ್ಸುಗಳು ಭಾನುವಾರ ಓಡಿದವು. ಎಲ್ಲಿಗೆ? ಊರಿನ ಹೊರಗಲ್ಲ, ಊರೊಳಗಿನ ಸೂಪರ್‌ಡೋಮ್ ಕ್ರೀಡಾಂಗಣಕ್ಕೆ. ನನ್ನ ಮೇಜಿನ ಮುಂದೆ ಕೂತಿದ್ದ ಒಬ್ಬ ವೃದ್ಧೆ ಆ ಬಸ್ಸು ಹತ್ತಿದವರು. ಹೇಳಿದ ಜಾಗದಲ್ಲಿ ನಿಂತೆ, ಹೇಳಿದ ಬಸ್ಸು ಹತ್ತಿದೆ, ಇಷ್ಟೇ ಅವರು ಹೇಳಿದ್ದು. ಸರ್ಕಾರ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ ಕಾರಣಕ್ಕೇ ಅವರು ಆ ನರಕದಲ್ಲಿ ಸಿಕ್ಕಿಕೊಂಡಿದ್ದರು. "ಹೊರಡಿ ಅಂದರೂ ಹೊರಡಲಿಲ್ಲ" ಅಂತ ಜನರ ಮೇಲೆಯೇ ತಪ್ಪು ಹೊರಿಸುವವರನ್ನು ಕಂಡರೆ ಇಂದಿಗೂ ನನಗೆ ತಡೆಯಲಾಗುವುದಿಲ್ಲ. ನಿಮ್ಮ ಪ್ರಬಂಧದಲ್ಲಿ ಆ ವಾದಕ್ಕೆ ಜಾಗ ಕೊಡಬೇಡಿ.

ಇನ್ನೂ ಹಿಂದಕ್ಕೆ ಬನ್ನಿ, 2005ರ ಏಪ್ರಿಲ್. ಲೂಸಿಯಾನಾ ತನ್ನ ತುರ್ತು ಯೋಜನೆಯನ್ನು ತಿದ್ದಿ ಬರೆದು, ತೆರವಿಗೆ ಬೇಕಾದ ಸಾರಿಗೆಯ ಹೊಣೆಯನ್ನು ರಾಜ್ಯದ ಸಾರಿಗೆ ಇಲಾಖೆಗೆ ಒಪ್ಪಿಸಿತ್ತು. ಕಾಗದದಲ್ಲಿ ಹೆಸರು ಸ್ಪಷ್ಟವಾಗಿತ್ತು. ಇಲಾಖೆ ಅದಕ್ಕಾಗಿ ಏನೂ ತಯಾರಿ ಮಾಡಿರಲಿಲ್ಲ ಎಂದು ಅದರ ಕಾರ್ಯದರ್ಶಿ ಜಾನಿ ಬ್ರಾಡ್‌ಬೆರಿ ಸೆನೆಟ್ ಸಮಿತಿಯ ತನಿಖೆಯಲ್ಲಿ ಒಪ್ಪಿಕೊಂಡರು. ನೀರಲ್ಲಿ ಮುಳುಗಿ ನಿಂತ ಶಾಲಾ ಬಸ್ಸುಗಳ ಫೋಟೋ ನೀವೂ ನೋಡಿರುತ್ತೀರಿ, ಅದನ್ನು ಮೇಯರ್ ಒಬ್ಬರ ತಲೆಗೆ ಕಟ್ಟಿದ್ದೇ ಕಟ್ಟಿದ್ದು. ನಗರದ ತಪ್ಪು ಇದ್ದೇ ಇದೆ, ಚಾಲಕರ ವ್ಯವಸ್ಥೆ ಮಾಡಿಟ್ಟಿರಲಿಲ್ಲ. ಆದರೆ ಬಸ್ಸಿನ ಕೆಲಸ ಯಾರ ಹೆಸರಿನಲ್ಲಿ ಬರೆದಿತ್ತು ಅಂತ ಹುಡುಕಿದವರು ಕಡಿಮೆ. ಆ ಹುಡುಕಾಟವೇ ನಿಮ್ಮ ಪ್ರಬಂಧ ಆಗಬೇಕು.

2004ರ ಜುಲೈಯಲ್ಲಿ, ಬ್ಯಾಟನ್ ರೂಜ್‌ನಲ್ಲೇ, ಫೆಮಾದ ಹಣದಲ್ಲಿ "ಹರಿಕೇನ್ ಪ್ಯಾಮ್" ಎಂಬ ಅಣಕು ಕಾರ್ಯಾಚರಣೆ ನಡೆದಿತ್ತು. ಮೂರನೇ ದರ್ಜೆಯ ಚಂಡಮಾರುತ ನ್ಯೂ ಆರ್ಲಿಯನ್ಸ್‌ಗೆ ಬಡಿದರೆ ಏನಾದೀತು ಅಂತ ನಗರ, ರಾಜ್ಯ, ಕೇಂದ್ರದ ಅಧಿಕಾರಿಗಳು ಒಂದೇ ಸೂರಿನಡಿ ಕೂತು ಲೆಕ್ಕ ಹಾಕಿದರು. 60,000ಕ್ಕೂ ಹೆಚ್ಚು ಸಾವು ಎಂದು ಆ ಲೆಕ್ಕ ಹೇಳಿತ್ತು. ಮುಂದಿನ ಸಭೆಗಳು ಹಣ ಸಾಲದೆ ಮುಂದಕ್ಕೆ ಹೋದವು, ಯೋಜನೆ ಅರ್ಧಕ್ಕೆ ನಿಂತಿತು. ಹಾಗಾಗಿ "ಯಾರೂ ಊಹಿಸಿರಲಿಲ್ಲ" ಅನ್ನುವ ಮಾತನ್ನು ಯಾವ ಹಂತದ ಸರ್ಕಾರ ಆಡಿದರೂ ನಂಬಬೇಡಿ. ಒಡ್ಡು ಒಡೆಯುವುದನ್ನು ಯಾರೂ ನಿರೀಕ್ಷಿಸಿರಲಿಲ್ಲ ಎಂದು ಬುಷ್ ಸೆಪ್ಟೆಂಬರ್ 1ರಂದು ಹೇಳಿದ್ದರು. ಆಗಸ್ಟ್ 28ರ ವಿಡಿಯೋ ಸಭೆಯಲ್ಲಿ ಮೇಫೀಲ್ಡ್ ಬುಷ್‌ಗೆ ಕೊಟ್ಟ ಎಚ್ಚರಿಕೆ ನೀರು ಒಡ್ಡಿನ ಮೇಲೆ ಹರಿಯುವುದರ ಬಗ್ಗೆ, ಒಡೆಯುವುದರ ಬಗ್ಗೆ ಅಲ್ಲ. ಈ ವ್ಯತ್ಯಾಸ ಬರೆಯಿರಿ, ಇಲ್ಲದಿದ್ದರೆ ಪರೀಕ್ಷಕರು ಅಲ್ಲೇ ಹಿಡಿಯುತ್ತಾರೆ. ಮುಳುಗುವವನಿಗೆ ಆ ವ್ಯತ್ಯಾಸ ಏನೂ ಅಲ್ಲ ಅನ್ನುವುದನ್ನೂ ಬರೆಯಿರಿ.

ಇನ್ನು 1965. ಬೆಟ್ಸಿ ಚಂಡಮಾರುತ ನ್ಯೂ ಆರ್ಲಿಯನ್ಸನ್ನು ಮುಳುಗಿಸಿದ ಮೇಲೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಒಡ್ಡುಗಳ ಯೋಜನೆಗೆ ಒಪ್ಪಿಗೆ ಕೊಟ್ಟು, ವಿನ್ಯಾಸ ಮತ್ತು ನಿರ್ಮಾಣವನ್ನು ಸೇನೆಯ ಎಂಜಿನಿಯರಿಂಗ್ ದಳಕ್ಕೆ, ಅಂದರೆ ಆರ್ಮಿ ಕೋರ್‌ಗೆ ವಹಿಸಿತು. ನಲವತ್ತು ವರ್ಷ ಕಳೆದರೂ ಅದು ಮುಗಿದಿರಲಿಲ್ಲ. 17ನೇ ಬೀದಿ ಕಾಲುವೆಯಲ್ಲಿ, ಲಂಡನ್ ಅವೆನ್ಯೂ ಕಾಲುವೆಯಲ್ಲಿ ನೀರು ಗೋಡೆಯ ತುದಿ ಮುಟ್ಟುವ ಮೊದಲೇ ಗೋಡೆ ಜಾರಿತು. ಒಂದು ಕಡೆ ಅಡಿಯ ಮೆತ್ತನೆ ಜೇಡಿ ಕೈಕೊಟ್ಟಿತು, ಇನ್ನೊಂದು ಕಡೆ ಅಡಿಯ ಮರಳಿನಲ್ಲಿ ನೀರು ನುಗ್ಗಿತು. ನಗರದ ಶೇ 80ರಷ್ಟು ಭಾಗ ನೀರಿನಡಿ ಹೋಯಿತು. 2006ರ ಜೂನ್‌ನಲ್ಲಿ ಕೋರ್‌ನ ಮುಖ್ಯಸ್ಥ ಕಾರ್ಲ್ ಸ್ಟ್ರಾಕ್ ವಿನ್ಯಾಸದ ವೈಫಲ್ಯವನ್ನು ಬಹಿರಂಗವಾಗಿ ಒಪ್ಪಿದರು. ಆದರೂ ಕಾಲುವೆ ಗೋಡೆಗಳ ಮೊಕದ್ದಮೆ 2008ರ ಜನವರಿಯಲ್ಲಿ ಬಿದ್ದುಹೋಯಿತು. ಪ್ರವಾಹ ನಿಯಂತ್ರಣದ ಕೆಲಸಕ್ಕೆ ಕೇಂದ್ರ ಸರ್ಕಾರವನ್ನು ಹೊಣೆ ಮಾಡುವಂತಿಲ್ಲ ಎಂದು 1928ರ ಕಾನೂನೊಂದು ಹೇಳುತ್ತದೆ; ನ್ಯಾಯಾಧೀಶ ಸ್ಟ್ಯಾನ್‌ವುಡ್ ಡುವಾಲ್ ಕೋರ್ ಅನ್ನು ಕಟುವಾಗಿ ಟೀಕಿಸಿಯೂ ಮೊಕದ್ದಮೆ ವಜಾ ಮಾಡಬೇಕಾಯಿತು. ತಪ್ಪು ಒಪ್ಪಿಕೊಂಡಾಗಿದೆ, ಕಾನೂನು ಪ್ರಕಾರ ಹೊಣೆ ಮಾತ್ರ ಯಾರದೂ ಅಲ್ಲ. ನಿಮ್ಮ ಮೂವರ ಪಟ್ಟಿಯಲ್ಲಿ ಇದಕ್ಕೆ ಎಷ್ಟು ಶೇಕಡಾ ಕೊಡುತ್ತೀರಿ?

ಶೇಕಡಾದ ಲೆಕ್ಕವನ್ನೇ ಬಿಟ್ಟುಬಿಡಿ ಅನ್ನುವುದು ನನ್ನ ಖಚಿತ ಮಾತು. ಹೊಣೆ ಅಣ್ಣತಮ್ಮಂದಿರ ಆಸ್ತಿ ಅಲ್ಲ, ಒಬ್ಬನ ಪಾಲು ಹೆಚ್ಚಿದರೆ ಇನ್ನೊಬ್ಬನದು ಕಡಿಮೆ ಆಗುವುದಕ್ಕೆ. ಬಸ್ಸು ಸಿದ್ಧಮಾಡದ ರಾಜ್ಯ ಆ ಕೆಲಸಕ್ಕೆ ಪೂರ್ತಿ ಹೊಣೆ. ತಡವಾಗಿ ಆದೇಶ ಕೊಟ್ಟ ಮೇಯರ್ ಆ ತಡಕ್ಕೆ ಪೂರ್ತಿ ಹೊಣೆ. ಒಬ್ಬರದು ದೊಡ್ಡದಾಯಿತು ಅಂತ ಇನ್ನೊಬ್ಬರದು ಕರಗುವುದಿಲ್ಲ. ರಾಜಕಾರಣಿಗಳಿಗೆ ಶೇಕಡಾ ಲೆಕ್ಕ ಇಷ್ಟವಾಗುವುದೇ ಅದರಲ್ಲಿ ತಪ್ಪಿಸಿಕೊಳ್ಳುವ ದಾರಿ ಇರುವುದರಿಂದ.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕು. ಪ್ರವಾಹ ಅಂದ ಕೂಡಲೇ ನಾವು ಜಿಲ್ಲಾಧಿಕಾರಿ ಎಲ್ಲಿ ಅಂತ ಹುಡುಕುತ್ತೇವೆ. ಅಮೆರಿಕದಲ್ಲಿ ಆ ಕುರ್ಚಿಯೇ ಇಲ್ಲ. ಮೇಯರ್ ಜನರಿಂದ ಆಯ್ಕೆಯಾದವನು, ಗವರ್ನರನ ಕೈಕೆಳಗಿನ ನೌಕರ ಅಲ್ಲ. ರಾಜ್ಯದ ಮೀಸಲು ಸೇನೆಯಾದ ನ್ಯಾಷನಲ್ ಗಾರ್ಡ್ ಗವರ್ನರ್ ಆಜ್ಞೆಯಲ್ಲಿ. ಕೇಂದ್ರದ ನೆರವು ಸಾಮಾನ್ಯವಾಗಿ ರಾಜ್ಯ ಕೇಳಿದ ಮೇಲೆ ಬರಬೇಕು. ಬ್ಲಾಂಕೊ ಆಗಸ್ಟ್ 27ಕ್ಕೇ ತುರ್ತು ಘೋಷಣೆಗೆ ಕೋರಿದರು, ಅದೇ ದಿನ ಬುಷ್ ಘೋಷಿಸಿದರು. ಅಂದರೆ ಕೇಳಲಿಲ್ಲ ಅನ್ನುವ ವಾದವೂ ನಿಲ್ಲುವುದಿಲ್ಲ, ಕೊಡಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ.

ಇಷ್ಟೆಲ್ಲ ಹೇಳಿದೆ ಅಂತ ಫೆಮಾವನ್ನು ಬಿಡುತ್ತಿಲ್ಲ. 2003ರಲ್ಲಿ ಅದನ್ನು ಗೃಹಭದ್ರತಾ ಇಲಾಖೆಯೊಳಗೆ ಸೇರಿಸಿದರು. ಇಲಾಖೆಯ ಗಮನವೆಲ್ಲ ಭಯೋತ್ಪಾದನೆಯ ಮೇಲೆ. ಬ್ರೌನ್ ಅಲ್ಲಿಗೆ ಬರುವ ಮೊದಲು ಅರೇಬಿಯನ್ ಕುದುರೆಗಳ ಸಂಘವೊಂದರಲ್ಲಿದ್ದವರು. ಫೆಮಾದ ಮಾರ್ಟಿ ಬಹಾಮೊಂಡೆ 29ರ ಬೆಳಿಗ್ಗೆಯೇ ನಗರದಿಂದ ಒಡ್ಡು ಒಡೆದ ಸುದ್ದಿ ಕಳಿಸಿದರು, ಸಂಜೆ ಹೆಲಿಕಾಪ್ಟರಿನಿಂದ ಕಣ್ಣಾರೆ ನೋಡಿ ಬ್ರೌನ್‌ಗೆ ಹೇಳಿದರು. ಆದರೂ ಬಸ್ಸುಗಳಿಗಾಗಿ ಕೇಂದ್ರ ಸಾರಿಗೆ ಇಲಾಖೆಗೆ ಫೆಮಾ ಆದೇಶ ಕೊಟ್ಟದ್ದು 31ರ ನಸುಕಿನಲ್ಲಿ. ನ್ಯೂ ಆರ್ಲಿಯನ್ಸ್‌ನ ಕನ್ವೆನ್ಷನ್ ಸೆಂಟರಿನಲ್ಲಿ ಅನ್ನ ನೀರಿಲ್ಲದೆ ಸಾವಿರಾರು ಜನ ಇದ್ದಾರೆಂದು ತನಗೆ ಗೊತ್ತಾದದ್ದು ಇವತ್ತೇ ಎಂದು ಬ್ರೌನ್ ಸೆಪ್ಟೆಂಬರ್ 1ರಂದು ಟಿ.ವಿ.ಯಲ್ಲಿ ಹೇಳಿದರು. ನಾವು ಕ್ರೀಡಾಂಗಣದಲ್ಲಿ ಕೂತು ಅದನ್ನು ಕೇಳಿದೆವು. ಟಿ.ವಿ. ನೋಡುತ್ತಿದ್ದ ಇಡೀ ದೇಶಕ್ಕೆ ಅದು ಆಗಲೇ ಗೊತ್ತಿತ್ತು.

ಇದರ ಎದುರಿಗೆ ಕೋಸ್ಟ್ ಗಾರ್ಡ್ ಇಟ್ಟು ನೋಡಿ. ಅದೂ ಅದೇ ಗೃಹಭದ್ರತಾ ಇಲಾಖೆಯದೇ. ಹಡಗು, ಹೆಲಿಕಾಪ್ಟರುಗಳನ್ನು ಚಂಡಮಾರುತದ ದಾರಿಯಿಂದ ಆಚೆ ಸಾಗಿಸಿಟ್ಟು, ಗಾಳಿ ಇಳಿದ ಕೂಡಲೇ ಒಳನುಗ್ಗಿ 33,000ಕ್ಕೂ ಹೆಚ್ಚು ಜನರನ್ನು ಕಾಪಾಡಿತು. ರಾಜ್ಯದ ವನ್ಯಜೀವಿ ಮತ್ತು ಮೀನುಗಾರಿಕೆ ಇಲಾಖೆಯ ಸಿಬ್ಬಂದಿ ದೋಣಿಗಳಲ್ಲಿ ಸಾವಿರಾರು ಜನರನ್ನು ಎತ್ತಿ ತಂದರು. ಕೇಂದ್ರ ಸೋತಿತು, ರಾಜ್ಯ ಸೋತಿತು ಅಂತ ಸಾರಾಸಗಟಾಗಿ ಬರೆದರೆ ಇವರಿಬ್ಬರ ಕೆಲಸ ಯಾವ ಸಾಲಿಗೂ ಹೊಂದುವುದಿಲ್ಲ. ನನ್ನ ಮೊದಲ ಕರಡಿನಲ್ಲಿ ನಾನು ಇವರನ್ನು ಅಡಿಟಿಪ್ಪಣಿಗೆ ತಳ್ಳಿದ್ದೆ. ಎರಡನೆಯದರಲ್ಲಿ ಅವರಿಗೆ ಇಡೀ ಅಧ್ಯಾಯ ಕೊಟ್ಟೆ.

ಕೆಲಸಕ್ಕೆ ಬರುವ ಮಾತು: 2006ರ ಫೆಬ್ರವರಿಯಲ್ಲಿ ಬಂದ ಕೆಳಮನೆಯ ಸಮಿತಿ ವರದಿ, ಮೇ ತಿಂಗಳಲ್ಲಿ ಬಂದ ಸೆನೆಟ್ ಸಮಿತಿ ವರದಿ, ಎರಡನ್ನೂ ಪೂರ್ತಿ ಓದಿ. ಸಾರಾಂಶ ಮಾತ್ರ ಓದಿದರೆ ಮತ್ತೆ ಮೂವರು ನಾಯಕರ ಬಳಿಗೇ ಬಂದು ನಿಲ್ಲುತ್ತೀರಿ. ಸಾವಿನ ಸಂಖ್ಯೆ ಬರೆಯುವಾಗ ಹುಷಾರು: ಬಹಳ ಕಾಲ 1,833 ಅಂತ ಬರೆಯುತ್ತಿದ್ದರು, ಚಂಡಮಾರುತ ಕೇಂದ್ರ 2023ರಲ್ಲಿ ಅದನ್ನು 1,392ಕ್ಕೆ ತಿದ್ದಿತು. ಹೆಸರುಗಳ ಬದಲು ಕೆಲಸಗಳ ಪಟ್ಟಿ ಮಾಡಿ: ಗೋಡೆ, ತೆರವು, ಬಸ್ಸು, ಸಂಪರ್ಕ, ಆಹಾರ. ಪ್ರತಿಯೊಂದರ ಎದುರು, ಚಂಡಮಾರುತ ಹುಟ್ಟುವ ಮೊದಲೇ ಅದು ಯಾರ ಹೆಸರಿನಲ್ಲಿ ಬರೆದಿತ್ತು ಅಂತ ದಾಖಲೆಯಿಂದ ತುಂಬಿಸಿ.

ಕೊನೆಗೆ ಕೇಳಿದ್ದೀರಲ್ಲ, ಗವರ್ನರ್ ಒಪ್ಪದಿದ್ದರೂ ಬುಷ್ ಸೇನೆಯನ್ನು ಇಳಿಸಬಹುದಿತ್ತೇ ಅಂತ. ದೇಶದೊಳಗೆ ಸೇನೆ ಇಳಿಸಲು ಅಧ್ಯಕ್ಷರಿಗೆ ಅಧಿಕಾರ ಕೊಡುವ ದಂಗೆ ಕಾಯ್ದೆಯನ್ನು ಬಳಸುವ ದಾರಿ ಇತ್ತು. ವೈಟ್‌ಹೌಸ್‌ನಲ್ಲಿ ಆ ಚರ್ಚೆಯೂ ನಡೆಯಿತು, ಬಳಸಲಿಲ್ಲ. ಗಾರ್ಡ್ ಯಾರ ಕೈಯಲ್ಲಿರಬೇಕು ಎಂಬ ಜಗಳ ಸೆಪ್ಟೆಂಬರ್ 2ರ ಹೊತ್ತಿಗೂ ನಡೆಯುತ್ತಿತ್ತು. ಅಷ್ಟರಲ್ಲಿ ಗಾರ್ಡ್ ಸೈನಿಕರು ಕನ್ವೆನ್ಷನ್ ಸೆಂಟರ್ ತಲುಪಿಯಾಗಿತ್ತು, ಸೂಪರ್‌ಡೋಮ್‌ನಿಂದ ಬಸ್ಸುಗಳು ಹೊರಟಾಗಿತ್ತು. ಕಾನೂನು ವಿದ್ಯಾರ್ಥಿಗಳಿಗೆ ಅದು ರುಚಿಯಾದ ಪ್ರಶ್ನೆ ಇರಬಹುದು, ನಿಮ್ಮ ಪ್ರಬಂಧಕ್ಕೆ ಎರಡು ಪ್ಯಾರಾ ಸಾಕು. ಉಳಿದ ಪುಟಗಳನ್ನು ಬಸ್ಸುಗಳಿಗೆ ಮತ್ತು ಗೋಡೆಗಳಿಗೆ ಕೊಡಿ.