ಕ್ಯಾಲ್ಕುಲೇಟರ್ ಒಳಗೊಂದು ಕಲ್ಲು

ಪ್ರಶ್ನೆ: ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ನನ್ನ ಕಿಡ್ನಿ ಕಲ್ಲಿಗೆ ‘ಕ್ಯಾಲ್ಕುಲಸ್’ ಅಂತ ಬರೆದಿದ್ದಾರೆ. ಅದು ಗಣಿತ ಅಲ್ವಾ?

ಉತ್ತರ: ಗಣಿತವೂ ಹೌದು, ಕಲ್ಲೂ ಹೌದು. ಲ್ಯಾಟಿನ್‌ನಲ್ಲಿ ‘ಕ್ಯಾಲ್ಕುಲಸ್’ ಅಂದರೆ ಪುಟ್ಟ ಕಲ್ಲು, ಹರಳು. ರೋಮನ್ನರು ಗೆರೆ ಎಳೆದ ಹಲಗೆಯ ಮೇಲೆ ಹರಳು ಸರಿಸಿ ಲೆಕ್ಕ ಮಾಡುತ್ತಿದ್ದರು. ಅದೇ ಹರಳು ಈ ಗೆರೆಯಲ್ಲಿದ್ದರೆ ಒಂದು, ಪಕ್ಕದ ಗೆರೆಗೆ ಹೋದರೆ ಹತ್ತು, ಅದರಾಚೆ ನೂರು. ಈ ಹರಳಾಟವೇ ಇಂಗ್ಲಿಷಿನಲ್ಲಿ ‘ಕ್ಯಾಲ್ಕುಲೇಟ್’ ಆಯಿತು. ಗಣಿತದವರು ಲೆಕ್ಕವನ್ನು ಇಟ್ಟುಕೊಂಡರು, ಡಾಕ್ಟರುಗಳು ಕಲ್ಲನ್ನೇ ಇಟ್ಟುಕೊಂಡರು! ಹಲ್ಲಿನ ಮೇಲೆ ಗಟ್ಟಿಯಾಗಿ ಕೂರುವ ಪಾಚಿಗೂ ದಂತವೈದ್ಯರು ಹೇಳುವುದು ಇದೇ ಹೆಸರು. ಇದರ ಬೇರು ‘ಕ್ಯಾಲ್ಕ್ಸ್’, ಅಂದರೆ ಸುಣ್ಣಕಲ್ಲು. 1808ರಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಕ್ಯಾಲ್ಸಿಯಂಗೆ ಹೆಸರು ಹುಡುಕಿದ್ದೂ ಅಲ್ಲಿಂದಲೇ. ಚಾಕ್ ಕೂಡ ಅದೇ ಮನೆಯದು.