ಡೇವಿಸ್‌ನಲ್ಲಿ ದೊಡ್ಡ ಅಂಗಡಿ ಅಂದರೆ ಜಗಳ ಯಾಕೆ?

ಕ್ಯಾಲಿಫೋರ್ನಿಯಾದ ಡೇವಿಸ್‌ಗೆ ಓದಲು ಹೊರಟಿದ್ದೀರಿ, ಅಲ್ಲಿ ದೊಡ್ಡ ಅಂಗಡಿ ಬರುತ್ತದೆ ಅಂದರೆ ಊರು ಎರಡು ಪಾಲಾಗುವುದು ಯಾಕೆ ಅಂತ ಕೇಳಿದ್ದೀರಿ. ನಾನು ಅಲ್ಲಿಗೆ ಹೋಗಿದ್ದು 2006ರ ಸೆಪ್ಟೆಂಬರ್‌ನಲ್ಲಿ, ಮನೆಸಾಮಾನು, ಬಟ್ಟೆ ಎಲ್ಲ ಮಾರುವ ಟಾರ್ಗೆಟ್ ಕಂಪನಿಯ ದೊಡ್ಡ ಅಂಗಡಿ ಊರಿಗೆ ಬರಬೇಕೋ ಬೇಡವೋ ಅನ್ನುವ ಜಗಳ ನಡೆಯುತ್ತಿದ್ದ ಹೊತ್ತಿಗೆ ಸರಿಯಾಗಿ.

ಮೊದಲ ವಾರ ನನಗೆ ಬೇಕಾಗಿದ್ದು ಒಂದು ದಿಂಬು, ಒಂದು ಬಕೆಟ್, ಒಂದು ಟೇಬಲ್ ಲ್ಯಾಂಪ್. ಪೇಟೆ ಚೆಂದವಿತ್ತು. ಪುಸ್ತಕ, ಸೈಕಲ್, ಕಾಫಿಗೆ ಕೊರತೆ ಇರಲಿಲ್ಲ. ನನ್ನ ಕೈಗೆಟುಕುವ ದಿಂಬು ಮಾತ್ರ ಸಿಗಲಿಲ್ಲ. ಬಸ್ ಹತ್ತಿ ಪಕ್ಕದ ವುಡ್‌ಲ್ಯಾಂಡ್‌ಗೆ ಹೋದೆ. ವಾಪಸ್ ಬರುವಾಗ ತೊಡೆಯ ಮೇಲೆ ದಿಂಬು, ಬಕೆಟ್‌ನೊಳಗೆ ಲ್ಯಾಂಪ್. ಸ್ಟಾಪ್‌ನಿಂದ ಮನೆತನಕ ಸೈಕಲ್. ಹ್ಯಾಂಡಲ್‌ಗೆ ತೂಗುಹಾಕಿದ ಬಕೆಟ್ ಒಂದೊಂದು ತುಳಿತಕ್ಕೂ ಮೊಣಕಾಲಿಗೆ ಬಡಿಯುತ್ತಿತ್ತು.

ಜಗಳದ ಬೇರು ತೆರಿಗೆಯಲ್ಲೂ ಇದೆ. 1978ರಲ್ಲಿ ಆ ರಾಜ್ಯದ ಜನ ವೋಟು ಹಾಕಿ ಮೂಲ ಆಸ್ತಿ ತೆರಿಗೆಯನ್ನು ಶೇ. 1ಕ್ಕೆ ಕಟ್ಟಿಹಾಕಿದರು. ಆಮೇಲೆ ನಗರಸಭೆಗಳ ಕಣ್ಣು ಮಾರಾಟ ತೆರಿಗೆಯ ಮೇಲೆ. ಅಂಗಡಿ ಯಾವ ಊರಲ್ಲಿದೆಯೋ ಸ್ಥಳೀಯ ಪಾಲು ಆ ಊರಿಗೇ. ಅಂದರೆ ನನ್ನ ಬಕೆಟ್‌ನ ಪಾಲು ವುಡ್‌ಲ್ಯಾಂಡ್‌ಗೆ ಹೋಯಿತು!

ಬೇಡ ಅಂದವರನ್ನು ನಾನು ಆಗ ಸುಮ್ನೆ ಹಟಮಾರಿಗಳು ಅಂದುಕೊಂಡಿದ್ದೆ. ಅದು ತಪ್ಪು. ಅಮೆರಿಕದ ಮೊದಲ ಸೈಕಲ್ ಲೇನ್ 1967ರಲ್ಲಿ ಬಂದಿದ್ದು ಇದೇ ಊರಿನಲ್ಲಿ. ಸುತ್ತಲಿನ ಹೊಲದಲ್ಲಿ ಮನೆ ಕಟ್ಟಬೇಕಾದರೂ ಊರವರ ವೋಟು ಬೇಕು ಅಂತ 2000ದಲ್ಲಿ ನಿಯಮ ಮಾಡಿಕೊಂಡವರು ಅವರು. ದೊಡ್ಡ ಅಂಗಡಿ ಅಂದರೆ ದೊಡ್ಡ ಪಾರ್ಕಿಂಗ್, ಜಾಸ್ತಿ ಕಾರು. ಜೊತೆಗೆ, ಪೇಟೆಯ ಅಂಗಡಿ ಮುಚ್ಚಿದರೆ ನೋಡಿಕೊಂಡು ಬದುಕಬೇಕಾದವರೂ ಅವರೇ. ನಾವು ಓದು ಮುಗಿಸಿ ಹೊರಟುಬಿಡುತ್ತೇವೆ, ಅಲ್ವಾ?

ನವೆಂಬರ್‌ನಲ್ಲಿ ಟಾರ್ಗೆಟ್ ಅಂಗಡಿ ಬೇಕೋ ಬೇಡವೋ ಅಂತ ವೋಟಿಂಗ್ ಆಯಿತು. 'ಬೇಕು' ಅನ್ನುವವರು ಕೂದಲೆಳೆಯಲ್ಲಿ ಗೆದ್ದರು. (ವಿದೇಶಿ ವಿದ್ಯಾರ್ಥಿಯಾದ ನನಗೆ ವೋಟೇ ಇರಲಿಲ್ಲ. ಬಕೆಟ್ ಹೊತ್ತವನು ನಾನು!) ಅಂಗಡಿ ತೆರೆದಿದ್ದು 2009ರಲ್ಲಿ, ಅದೂ ಹೆದ್ದಾರಿ ಪಕ್ಕ, ಕ್ಯಾಂಪಸ್‌ನಿಂದ ಊರಿನ ಇನ್ನೊಂದು ತುದಿಗೆ. ಕಾರಿಲ್ಲದವರಿಗೆ ಈಗಲೂ ಒಳ್ಳೇ ಸೈಕಲ್ ಸವಾರಿ.

ನೀವು ಆಗಸ್ಟ್ ಕೊನೆಗೆ ತಲುಪುವುದಾದರೆ ಬಕೆಟ್ ಕೊಳ್ಳಲು ಹೋಗಬೇಡಿ. ಬಾಡಿಗೆ ಕರಾರುಗಳು ಹೆಚ್ಚಾಗಿ ಆಗಲೇ ಮುಗಿಯುತ್ತವೆ. ಮನೆ ಖಾಲಿ ಮಾಡುವವರು ಮೇಜು, ಕುರ್ಚಿ ಎಲ್ಲ ರಸ್ತೆ ಬದಿಗೆ ಇಟ್ಟು ಹೋಗುತ್ತಾರೆ. ದಿಂಬು ಮಾತ್ರ ಹೊಸದೇ ತೆಗೆದುಕೊಳ್ಳಿ.